ಕೊಳ್ಳುವ ಕೈಗೂ ಒಂದು ಕಾಯಕ



ಕಾಯಕ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ದುಡಿಯುವ ಕೈ. ನೇಗಿಲು ಹಿಡಿದ ಕೈ, ತಕ್ಕಡಿ ತೂಗುವ ಕೈ, ಮಗ್ಗದ ಲಾಳಿ ಎಸೆಯುವ ಕೈ. ಹೇಗೆ ಗಳಿಸಬೇಕು ಎಂಬುದನ್ನು ಶಿವಾನುಭವ ಗೋಷ್ಠಿಗಳಲ್ಲಿ ನಾವು ಹಲವು ಸಲ ಕೇಳಿದ್ದೇವೆ. ಗಳಿಸಿದ್ದನ್ನು ದಾಸೋಹಕ್ಕೆ ಹೇಗೆ ಸಲ್ಲಿಸಬೇಕು ಎಂಬುದನ್ನೂ ಕೇಳಿದ್ದೇವೆ. ಆದರೆ ಈ ಎರಡರ ನಡುವೆ ದಿನವೂ ನಾವು ಮಾಡುವ ಇನ್ನೊಂದು ಕೆಲಸವಿದೆ. ಅದು ಕೊಳ್ಳುವುದು. ಸಂತೆಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಬಟ್ಟೆ ಅಂಗಡಿಯಲ್ಲಿ ನಾವು ಎಣಿಸಿ ಕೊಡುವ ರೂಪಾಯಿ ಯಾರ ಕೈ ಸೇರುತ್ತದೆ? ಯಾರ ಕೈಗೆ ಸೇರದೆ ನಡುವಿನಲ್ಲೇ ನಿಲ್ಲುತ್ತದೆ? ಈ ತಿಂಗಳ ಪಾಠಕ್ಕೆ ನಾವು ಆಯ್ದುಕೊಂಡಿರುವುದು ಈ ಪ್ರಶ್ನೆಯನ್ನು.

ಉದಾಹರಣೆಗೆ ಬಹಳ ದೂರ ಹೋಗಬೇಕಾಗಿಲ್ಲ. ಕಾಸರಗೋಡು ಜಿಲ್ಲೆಯ ಕಾರಡ್ಕವೇ ಸಾಕು. ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ದಾರಿಯಲ್ಲಿ ಸಿಗುವ ಮುಳ್ಳೇರಿಯ ಪೇಟೆ ಇದೇ ಕಾರಡ್ಕ ಪಂಚಾಯತಿಗೆ ಸೇರಿದ್ದು. ತಗ್ಗಿನಲ್ಲಿ ಅಡಿಕೆ ತೋಟ, ತೋಟದ ನೆರಳಿನಲ್ಲಿ ಕೊಕ್ಕೊ, ಮೇಲಿನ ಗುಡ್ಡೆಯಲ್ಲಿ ಗೇರು. ಇಲ್ಲಿ ಬೆಳೆದದ್ದು ಇಲ್ಲಿಯವರ ಬಾಯಿಗಿಂತ ಹೆಚ್ಚಾಗಿ ಪರವೂರಿನವರ, ಪರದೇಶದವರ ಬಾಯಿ ಸೇರುತ್ತದೆ. ಆದ್ದರಿಂದ ಕೊಳ್ಳುವವರ ನಡತೆಯಿಂದ ಬೆಳೆಯುವವರಿಗೆ ಏನಾಗುತ್ತದೆ ಎಂಬುದನ್ನು ಈ ಊರು ಚೆನ್ನಾಗಿ ಬಲ್ಲದು.

ಆಯ್ದಕ್ಕಿ ದಂಪತಿಗಳ ಲೆಕ್ಕ

ಮೊದಲು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಒಮ್ಮೆ ಹೋಗಿ ಬರೋಣ. ಮಾರಯ್ಯನವರ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಆಯ್ದು ತಂದ ಅಕ್ಕಿಯಿಂದಲೇ ಅವರ ಮನೆಯ ದಾಸೋಹ ನಡೆಯುತ್ತಿತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ನೋಡಿ ಹಿಗ್ಗಲಿಲ್ಲ. ನಮಗೆ ಸಲ್ಲಬೇಕಾದುದಕ್ಕಿಂತ ಹೆಚ್ಚನ್ನು ಏಕೆ ತಂದಿರಿ ಎಂದು ಕೇಳಿ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರಲು ಹೇಳಿದರು. ಈ ಕಥೆ ನಮ್ಮ ಮಕ್ಕಳಿಗೂ ಗೊತ್ತು.

ಸಾಮಾನ್ಯವಾಗಿ ಇದನ್ನು ನಾವು ಆಸೆಬುರುಕತನದ ವಿರುದ್ಧದ ಕಥೆಯೆಂದು ಹೇಳುತ್ತೇವೆ. ಇದರಲ್ಲಿ ಇನ್ನೊಂದು ಅರ್ಥವೂ ಇದೆ. ಆ ತಾಯಿ ಕೇಳಿದ್ದು ಎಷ್ಟು ಬಂತು ಎಂದಲ್ಲ. ಇದು ಎಲ್ಲಿಂದ ಬಂತು, ಯಾರಿಗೆ ಸಲ್ಲಬೇಕಾದುದು ಎಂದು. ಬಿಟ್ಟಿಯಾಗಿ ಸಿಕ್ಕಿದ್ದರಲ್ಲಿ ಬೇರೆಯವರ ಪಾಲು ಸೇರಿರಬಹುದು ಎಂಬ ಎಚ್ಚರ ಅವರಿಗಿತ್ತು. ಇದೇ ಎಚ್ಚರವನ್ನು ನಮ್ಮ ಸಂತೆಯ ಚೀಲದ ಮೇಲೂ ಇಟ್ಟರೆ ಏನಾಗುತ್ತದೆ? ಬಹಳ ಅಗ್ಗಕ್ಕೆ ಸಿಕ್ಕಿತೆಂದು ನಾವು ಹಿಗ್ಗುವ ಮಾಲಿನಲ್ಲಿ ಯಾರ ಕೂಲಿ, ಯಾರ ಆರೋಗ್ಯ ಸೇರಿದೆ ಎಂದು ಕೇಳಬೇಕಾಗುತ್ತದೆ.

ಒಂದು ಗೇರುಬೀಜದ ಪಯಣ

ಗೇರು ನಮ್ಮ ನಾಡಿನ ಮರವಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು. ಇಂದು ಕರಾವಳಿಯ ಗುಡ್ಡೆಗಳಲ್ಲಿ ಬೇಸಿಗೆ ಬಂತೆಂದರೆ ಗೇರುಹಣ್ಣಿನದೇ ಪರಿಮಳ. ಹೆಣ್ಣಾಳುಗಳು, ಮನೆಯ ಮುದುಕಿಯರು ಬಿದ್ದ ಹಣ್ಣನ್ನು ಹೆಕ್ಕಿ, ಬೀಜ ಬೇರ್ಪಡಿಸಿ, ಒಣಗಿಸಿ ಗೋಣಿಗೆ ತುಂಬುತ್ತಾರೆ. ಸಣ್ಣ ಬೆಳೆಗಾರನಿಗೆ ಬೀಜವನ್ನು ದಾಸ್ತಾನಿಡುವ ಶಕ್ತಿ ಇರುವುದಿಲ್ಲ. ಮಳೆ ಹತ್ತಿರ ಬರುತ್ತದೆ, ಅಂಗಡಿಯ ಸಾಲ ಇರುತ್ತದೆ, ಮಕ್ಕಳ ಶಾಲೆಯ ಖರ್ಚು ಎದುರಿಗೆ ನಿಲ್ಲುತ್ತದೆ. ಅಂದಿನ ಬೆಲೆಗೆ ಅಂದೇ ಕೊಟ್ಟುಬಿಡುತ್ತಾನೆ.

ಅಲ್ಲಿಂದ ಮುಂದೆ ಊರ ವ್ಯಾಪಾರಿ, ದೊಡ್ಡ ವ್ಯಾಪಾರಿ, ಕಾರ್ಖಾನೆ. ಹೆಚ್ಚುಕಡಿಮೆ ನಾಲ್ಕು ಕಿಲೊ ಬೀಜ ಸುಲಿದರೆ ಒಂದು ಕಿಲೊ ತಿರುಳು. ಸಿಪ್ಪೆಯಲ್ಲಿ ಚರ್ಮವನ್ನು ಸುಡುವ ಎಣ್ಣೆ ಇದೆ. ಬೀಜ ಸುಲಿಯುವ ಕೆಲಸದಲ್ಲಿ ಇರುವವರು ಬಹುಪಾಲು ಹೆಂಗಸರು. ಬೂದಿಯನ್ನೋ ಎಣ್ಣೆಯನ್ನೋ ಸವರಿಕೊಂಡು ದುಡಿದ ಆ ಬೆರಳುಗಳು ಕಪ್ಪಾಗಿ, ಬಿರುಕು ಬಿಟ್ಟಿರುತ್ತವೆ. ಕೊನೆಗೆ ಬಿಳುಪಾದ ತಿರುಳು ಎಣಿಕೆಯ ದರ್ಜೆಯಾಗಿ ವಿಂಗಡವಾಗುತ್ತದೆ. ಡಬ್ಲ್ಯೂ 320 ಎಂದರೆ ಒಂದು ಪೌಂಡಿಗೆ ಸುಮಾರು 320 ಇಡೀ ತಿರುಳು ಎಂದು ಅರ್ಥ. ಹಬ್ಬದ ಪಾಯಸಕ್ಕೆ ನಾವು ತರುವ ನೂರು ಗ್ರಾಂ ಪೊಟ್ಟಣದ ಹಿಂದೆ ಇಷ್ಟು ಕೈಗಳಿವೆ. ಪೊಟ್ಟಣದ ಮೇಲೆ ಮಾತ್ರ ಒಂದು ಕೈಯ ಗುರುತೂ ಇಲ್ಲ.

ಅಗ್ಗದ ಬೆಲೆಯನ್ನು ತೆತ್ತವರು ಯಾರು?

ಕಾಸಿಗೆ ತಕ್ಕ ಕಜ್ಜಾಯ ಎನ್ನುತ್ತೇವೆ. ಆದರೆ ಕೊಳ್ಳುವವನ ಕಾಸು ಕಡಿಮೆಯಾದಾಗ ಉಳಿದ ಕಾಸನ್ನು ಬೇರೊಬ್ಬರು ತೆರುತ್ತಿರುತ್ತಾರೆ. ಕಾರಡ್ಕದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಾಸರಗೋಡಿನ ಗುಡ್ಡೆಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳಿವೆ. ಗೇರಿನ ಚಿಗುರು ಮತ್ತು ಹೂವಿನ ರಸ ಹೀರುವ ಕೀಟವನ್ನು ಕೊಲ್ಲಲು ಈ ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸಿಂಪಡಿಸಲಾಯಿತು. ಗುಡ್ಡೆಯ ಬುಡದಲ್ಲಿ ಮನೆ, ಸುರಂಗ, ಬಾವಿ, ತೋಡು ಎಲ್ಲವೂ ಇದ್ದವು. ಹುಟ್ಟುವ ಮಕ್ಕಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರ ಕಾಣಿಸಿಕೊಂಡವು. ಎಣ್ಮಕಜೆ ಪಂಚಾಯತಿಯ ವಾಣೀನಗರದಲ್ಲಿ ವೈದ್ಯ ವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರ್ ತಮ್ಮ ಬಳಿ ಬರುವ ರೋಗಿಗಳನ್ನು ನೋಡಿ ಮೊದಲು ಎಚ್ಚರಿಸಿದವರಲ್ಲಿ ಒಬ್ಬರು. ಪತ್ರಕರ್ತ ಶ್ರೀ ಪಡ್ರೆಯವರು ಬರೆದು ನಾಡಿನ ಕಣ್ಣು ತೆರೆಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಪೀಡಿತವೆಂದು ಸರಕಾರ ಗುರುತಿಸಿದ 11 ಪಂಚಾಯತಿಗಳಲ್ಲಿ ಕಾರಡ್ಕವೂ ಒಂದು. ಗಡಿಯ ಈಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳಲ್ಲಿಯೂ ಇದೇ ಗೋಳು.

2011ರಲ್ಲಿ ಸುಪ್ರೀಂ ಕೋರ್ಟು ದೇಶವಿಡೀ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಇದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. 2017ರ ಜನವರಿಯಲ್ಲಿ, ಪೀಡಿತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು 3 ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಆ ಬಳಿಕವೂ ವಿಳಂಬವಾದುದಕ್ಕೆ 2022ರಲ್ಲಿ ಅದೇ ನ್ಯಾಯಾಲಯ ರಾಜ್ಯ ಸರಕಾರವನ್ನು ಕಟುವಾಗಿ ಪ್ರಶ್ನಿಸಬೇಕಾಯಿತು.

ಆ ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಗೋಡಂಬಿಯನ್ನು ತಿಂದವರು ಯಾರು? ನಾವು ನೀವೇ. ಮದುವೆಯ ಲಾಡುವಿನಲ್ಲಿ, ಜಾತ್ರೆಯ ಪ್ರಸಾದದಲ್ಲಿ ತಿಂದಿದ್ದೇವೆ. ತಿಂದ ಕಾರಣಕ್ಕೆ ನಾವು ಪಾಪಿಗಳಾದೆವು ಎಂದು ಹೇಳುತ್ತಿಲ್ಲ, ನಮಗೆ ಗೊತ್ತಿರಲಿಲ್ಲ. ಆದರೆ ತಿಳಿಯಲು ನಾವು ಯತ್ನಿಸಿರಲಿಲ್ಲ ಎಂಬುದೂ ನಿಜ. ಬೆಲೆ ಎಷ್ಟು ಎಂದು ಕೇಳಿದೆವು, ಹೇಗೆ ಬೆಳೆದದ್ದು ಎಂದು ಕೇಳಲಿಲ್ಲ.

ಕೊಳ್ಳುವವನು ಹಿಂದೆ ಸರಿದಾಗ

ಇನ್ನು ಕೊಕ್ಕೊದ ಕಥೆ. 1970ರ ದಶಕದಲ್ಲಿ ಅಡಿಕೆ ತೋಟದ ನಡುವೆ ಕೊಕ್ಕೊ ಹಾಕಿರೆಂದು ನಮ್ಮ ಬೆಳೆಗಾರರನ್ನು ಹುರಿದುಂಬಿಸಲಾಯಿತು. ಕೊಳ್ಳಲು ಕಂಪನಿ ಇತ್ತು, ಬೆಲೆಯೂ ಇತ್ತು. ಆ ದಶಕ ಮುಗಿಯುವ ಹೊತ್ತಿಗೆ ವಿಶ್ವದ ಮಾರುಕಟ್ಟೆಯಲ್ಲಿ ಬೆಲೆ ಕುಸಿಯಿತು. ಕೊಳ್ಳುವವರು ಹಿಂದೆ ಸರಿದರು. ಬೆಳೆದು ನಿಂತ ಗಿಡಗಳಿಗೆ ಬೆಳೆಗಾರರು ಕತ್ತಿ ಹಾಕಿದರು.

ಆಗ ಕೈಹಿಡಿದದ್ದು ಕ್ಯಾಂಪ್ಕೊ. ಅಡಿಕೆ ಬೆಲೆ ನೆಲ ಕಚ್ಚಿದ ಕಾಲದಲ್ಲಿ, 1973ರ ಜುಲೈ 11ರಂದು, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಂಸ್ಥೆ ಇದು. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಇದರ ಸದಸ್ಯರು. ಗಡಿ ಎಂಬುದು ಸಹಕಾರಕ್ಕೆ ಅಡ್ಡ ಬರಬೇಕಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಎರಡು ಸರಕಾರಗಳ ಕೋರಿಕೆಯಂತೆ ಕ್ಯಾಂಪ್ಕೊ ಕೊಕ್ಕೊ ಖರೀದಿಗೆ ಇಳಿಯಿತು. ಒಣಬೀಜವನ್ನಷ್ಟೇ ಮಾರಿದರೆ ಮತ್ತೆ ಪರರ ಬೆಲೆಗೆ ಕೈಚಾಚಬೇಕೆಂದು ತಿಳಿದು 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ಬೆಳೆಗಾರರೇ ಒಡೆಯರಾದ ಸಂಸ್ಥೆ ಕೊಳ್ಳಲು ನಿಂತಾಗ, ಖಾಸಗಿ ವ್ಯಾಪಾರಿಯೂ ಅದಕ್ಕಿಂತ ಬಹಳ ಕಡಿಮೆ ಬೆಲೆ ಹೇಳಲಾರ.

ಹೊರದೇಶಗಳಲ್ಲಿ ನಡೆದ ಪ್ರಯತ್ನ

ಇದೇ ಪ್ರಶ್ನೆ ಬೇರೆ ದೇಶಗಳ ಗ್ರಾಹಕರನ್ನೂ ಕಾಡಿದೆ. 1988ರಲ್ಲಿ ಹಾಲೆಂಡಿನಲ್ಲಿ ಕಾಫಿಪುಡಿಯ ಪೊಟ್ಟಣಕ್ಕೆ ಒಂದು ಮುದ್ರೆ ಹಾಕತೊಡಗಿದರು. ಮೆಕ್ಸಿಕೊ ದೇಶದ ಬಡ ಬೆಳೆಗಾರರ ಸಹಕಾರ ಸಂಘದಿಂದ ನ್ಯಾಯವಾದ ಬೆಲೆ ಕೊಟ್ಟು ತಂದ ಕಾಫಿ ಇದು ಎಂಬುದು ಆ ಮುದ್ರೆಯ ಅರ್ಥ. ಮುದ್ರೆಗೆ ಇಟ್ಟ ಹೆಸರು ಮ್ಯಾಕ್ಸ್ ಹಾವೆಲಾರ್. ಜಾವಾ ದ್ವೀಪದ ರೈತರನ್ನು ಡಚ್ಚರು ಸುಲಿಯುತ್ತಿದ್ದುದನ್ನು ಬಯಲಿಗೆಳೆದ, 1860ರಲ್ಲಿ ಬಂದ ಕಾದಂಬರಿಯ ಹೆಸರು ಅದು. ಮರುವರ್ಷವೇ ದೇಶದೇಶಗಳ ಕಾಫಿ ಒಪ್ಪಂದ ಮುರಿದು ಬೆಲೆ ಪಾತಾಳಕ್ಕಿಳಿಯಿತು. ಕೊಡಗು, ಚಿಕ್ಕಮಗಳೂರಿನ ಹಿರಿಯ ಬೆಳೆಗಾರರಿಗೆ ಆ ದಿನಗಳ ನೆನಪಿರಬಹುದು. ಇಂಥ ಕಾಲದಲ್ಲಿಯೇ ಆ ಮುದ್ರೆಯ ಬೆಲೆ ತಿಳಿಯುವುದು.

ಇದರ ಕಟ್ಟಳೆಗಳು ಸರಳ. ಮಾರುಕಟ್ಟೆ ಎಷ್ಟೇ ಕುಸಿದರೂ ಗೊತ್ತುಮಾಡಿದ ಕನಿಷ್ಠ ಬೆಲೆಗಿಂತ ಕಡಿಮೆ ಕೊಡಕೂಡದು. ಮಾರುಕಟ್ಟೆ ಏರಿದರೆ ಏರಿದ ಬೆಲೆಯನ್ನೇ ಕೊಡಬೇಕು. ಅದರ ಮೇಲೆ ಒಂದಿಷ್ಟು ಹೆಚ್ಚುವರಿ ಹಣ ಸಂಘಕ್ಕೆ ಸಲ್ಲಬೇಕು. ಅದನ್ನು ಶಾಲೆಗೋ ಬಾವಿಗೋ ಸಸಿಗೋ ಬಳಸುವ ತೀರ್ಮಾನವನ್ನು ಸದಸ್ಯರೇ ಸಭೆ ಸೇರಿ ಮಾಡಬೇಕು. ಬೆಳೆಗಾರರು ಕೇಳಿದರೆ ಮುಂಗಡ ಕೊಡಬೇಕು. ಮಕ್ಕಳನ್ನು ದುಡಿಸಕೂಡದು.

ಇದು ಪಶ್ಚಿಮದವರು ಕಂಡುಹಿಡಿದ ಹೊಸ ಧರ್ಮವೆಂದು ಯಾರೂ ಭಾವಿಸಬೇಕಿಲ್ಲ. 1935ರಲ್ಲಿಯೇ ಗಾಂಧೀಜಿಯವರು ಅಖಿಲ ಭಾರತ ಚರಖಾ ಸಂಘದಲ್ಲಿ ನೂಲುವ ಹೆಂಗಸರ ಕೂಲಿ ಹೊಟ್ಟೆ ತುಂಬುವಷ್ಟಾದರೂ ಇರಬೇಕೆಂದು ಹಟ ಹಿಡಿದರು. ಖಾದಿಯ ಬೆಲೆ ಏರುತ್ತದೆ, ಮಾರಾಟ ಇಳಿಯುತ್ತದೆ ಎಂದು ಹಲವರು ಹೆದರಿದರು. ನೂಲುವವಳನ್ನು ಉಪವಾಸ ಕೆಡವಿ ಅಗ್ಗದ ಖಾದಿ ಮಾರುವುದು ಅವರಿಗೆ ಒಪ್ಪಿಗೆಯಾಗಲಿಲ್ಲ.

ನಮ್ಮ ಮಲಬಾರಿನಲ್ಲಿಯೂ 2005-06ರ ಹೊತ್ತಿಗೆ ಫೇರ್ ಟ್ರೇಡ್ ಅಲಯನ್ಸ್ ಕೇರಳ ಎಂಬ ಸಂಘಟನೆ ಹುಟ್ಟಿತು. ಬೆಟ್ಟಸೀಮೆಯ ಸಾವಿರಾರು ಸಣ್ಣ ಬೆಳೆಗಾರರು ಗೇರುಬೀಜ, ಕಾಳುಮೆಣಸು, ಕಾಫಿ, ಮಸಾಲೆ ಪದಾರ್ಥಗಳನ್ನು ನ್ಯಾಯಬೆಲೆಯ ಮುದ್ರೆಯಡಿ ಯೂರೋಪಿಗೆ ಕಳಿಸತೊಡಗಿದರು. 2007ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಲಿಬರೇಶನ್ ಎಂಬ ಬೀಜ ಮಾರುವ ಕಂಪನಿಯಲ್ಲಿ ಹಲವು ದೇಶಗಳ ಬೆಳೆಗಾರರ ಸಂಘಗಳಿಗೇ ಪಾಲು ಸಿಕ್ಕಿತು. ಗುಡ್ಡೆಯಲ್ಲಿ ಬೀಜ ಹೆಕ್ಕುವವನಿಗೆ ಲಂಡನ್ನಿನ ಅಂಗಡಿಯ ಲಾಭದಲ್ಲಿಯೂ ಒಂದು ಪಾಲು ಎಂಬುದು ಸಣ್ಣ ಮಾತಲ್ಲ.

ನಾವೂ ಕೊಳ್ಳುವವರೇ

ಇಲ್ಲಿಯವರೆಗೆ ಓದಿದಾಗ ನಾವು ಬಡ ಬೆಳೆಗಾರರು, ಕೊಳ್ಳುವವರು ಶ್ರೀಮಂತ ದೇಶದವರು, ಅವರು ಧರ್ಮದಿಂದ ನಡೆದರೆ ಸಾಕು ಎಂದು ಅನಿಸಬಹುದು. ಹಾಗಲ್ಲ. ನಮ್ಮ ಗೋಡಂಬಿ ಕಾರ್ಖಾನೆಗಳಿಗೆ ಇಲ್ಲಿಯ ಬೀಜ ಸಾಲದು. ಆಫ್ರಿಕದ ಐವರಿ ಕೋಸ್ಟ್, ಬೆನಿನ್, ಗಿನಿ-ಬಿಸಾವ್, ಟಾಂಜಾನಿಯಾ ದೇಶಗಳಿಂದ ಹಸಿಬೀಜ ಹಡಗಿನಲ್ಲಿ ಬರುತ್ತದೆ. ಗಿನಿ-ಬಿಸಾವ್ ಎಂಬ ಪುಟ್ಟ ದೇಶದ ರಫ್ತಿನ ಬಹುಪಾಲು ಗೇರುಬೀಜವೇ. ಅದರ ದೊಡ್ಡ ಗಿರಾಕಿ ಬಹುಕಾಲ ನಮ್ಮ ಭಾರತ. ಅಂದರೆ ಬೆಲೆಗಾಗಿ ಲಂಡನ್ನಿನ ಕಡೆ ಕಾರಡ್ಕದ ಬೆಳೆಗಾರ ನೋಡುವಂತೆಯೇ, ಅಲ್ಲಿಯ ಬಡ ಬೆಳೆಗಾರ ನಮ್ಮ ಕಡೆ ನೋಡುತ್ತಾನೆ.

2018ರ ನವೆಂಬರಿನಲ್ಲಿ ಟಾಂಜಾನಿಯಾದಲ್ಲಿ ವ್ಯಾಪಾರಿಗಳು ಹೇಳಿದ ಬೆಲೆ ತೀರ ಕಡಿಮೆಯಾಯಿತೆಂದು ಅಲ್ಲಿಯ ಅಧ್ಯಕ್ಷ ಮಗುಫುಲಿಯವರು ಬೆಳೆಯನ್ನು ಸರಕಾರದಿಂದಲೇ ಕೊಳ್ಳಿಸಿ, ಸಾಗಿಸಲು ಸೈನ್ಯವನ್ನು ಕಳಿಸಿದರು. ಗೇರುಬೀಜಕ್ಕೆ ಸಿಪಾಯಿಗಳು ಬರಬೇಕಾದರೆ ಬೆಳೆಗಾರರ ಸಂಕಟ ಎಷ್ಟಿರಬೇಕು! ಕೊಕ್ಕೊದ ಮಾತೂ ಇಷ್ಟೇ. ವಿಶ್ವದ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬೆಳೆಯುವುದು ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಲ್ಲಿ. ಅಲ್ಲಿಯ ತೋಟಗಳಲ್ಲಿ ಇಂದಿಗೂ ಮಕ್ಕಳು ಕತ್ತಿ ಹಿಡಿದು ಕಾಯಿ ಒಡೆಯುತ್ತಾರೆ. ಹುಟ್ಟುಹಬ್ಬಕ್ಕೆ ನಮ್ಮ ಮಕ್ಕಳ ಕೈಗೆ ಚಾಕಲೇಟು ಕೊಡುವಾಗ ಆ ಮಕ್ಕಳ ಕೈಯೂ ನೆನಪಾಗಲಿ.

ಮುದ್ರೆಯೊಂದೇ ಸಾಲದು

ಮುದ್ರೆ ಹಾಕಿದ ಮಾಲು ಕೊಂಡರೆ ಕರ್ತವ್ಯ ಮುಗಿಯಿತು ಎಂದು ತಿಳಿಯುವುದೂ ತಪ್ಪು. ಮುದ್ರೆ ಪಡೆಯಲು ತಪಾಸಣೆ, ಕಾಗದಪತ್ರ, ಶುಲ್ಕ ಎಲ್ಲ ಬೇಕು. ಸಂಘವಿಲ್ಲದ ಒಂಟಿ ರೈತನಿಗೆ ಅದು ಎಟುಕದು. ಬೆಳೆದದ್ದೆಲ್ಲಕ್ಕೂ ನ್ಯಾಯಬೆಲೆಯ ಗಿರಾಕಿ ಸಿಗುವುದಿಲ್ಲ. ಉಳಿದದ್ದನ್ನು ಮಾಮೂಲು ಪೇಟೆಗೇ ಹಾಕಬೇಕು. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಇಥಿಯೋಪಿಯಾ ಮತ್ತು ಉಗಾಂಡಾ ದೇಶಗಳಲ್ಲಿ ಅಧ್ಯಯನ ನಡೆಸಿದ ಲಂಡನ್ ವಿಶ್ವವಿದ್ಯಾಲಯದ ಸಂಶೋಧಕರು, ಮುದ್ರೆ ಪಡೆದ ಸಂಘಗಳಿರುವ ಪ್ರದೇಶಗಳಲ್ಲಿಯೂ ಕೂಲಿಯಾಳುಗಳ ಸ್ಥಿತಿ ಬೇರೆ ಕಡೆಗಿಂತ ಉತ್ತಮವಾಗಿರಲಿಲ್ಲವೆಂದು 2014ರಲ್ಲಿ ವರದಿ ಮಾಡಿದರು. ಬೆಲೆ ಬೆಳೆಗಾರನ ಬಾಗಿಲಿಗೆ ಬಂದು ನಿಂತಿತ್ತು; ಆಳಿನ ಗುಡಿಸಲಿಗೆ ಹೋಗಿರಲಿಲ್ಲ.

ಈ ಮಾತು ನಮ್ಮನ್ನು ಚುಚ್ಚಬೇಕು. ಕಬ್ಬಿನ ಬಾಕಿಗಾಗಿ ಬೆಳಗಾವಿ ಸೀಮೆಯ ರೈತರು ಕಾದು ಕೂರುವುದು, ಈರುಳ್ಳಿಯ ಬೆಲೆ ಇಳಿದಾಗ ಸೊಲ್ಲಾಪುರದ ಪೇಟೆಯಲ್ಲಿ ರೈತ ಕಣ್ಣೀರು ಹಾಕುವುದು ನಮಗೆ ಗೊತ್ತು. ನ್ಯಾಯಬೆಲೆ ಬೇಕೆಂದು ನಾವು ಕೂಗುತ್ತೇವೆ, ಕೂಗಬೇಕಾದ್ದೇ. ಆದರೆ ನಮ್ಮ ಹೊಲದಲ್ಲಿ ಕಳೆ ಕೀಳುವ ಹೆಣ್ಣಾಳಿಗೆ, ಗಂಡಾಳಿನಷ್ಟೇ ಹೊತ್ತು ದುಡಿದಾಗಲೂ ಅರ್ಧ ಕೂಲಿ ಕೊಟ್ಟರೆ, ಆ ಕೂಗಿಗೆ ಬಲ ಎಲ್ಲಿಂದ ಬರಬೇಕು? ಆಕೆಯ ಪಾಲಿಗೆ ನಾವೇ ದೂರದ ಶ್ರೀಮಂತ ದೇಶ.

ನಾವು ಮಾಡಬಹುದಾದುದು

ರೈತ ಬಂಧುಗಳು ಒಂಟಿಯಾಗಿ ಮಾರುವುದನ್ನು ಬಿಟ್ಟು ಸಹಕಾರ ಸಂಘದ ಮೂಲಕ, ಅದಿಲ್ಲದಿದ್ದರೆ ಹತ್ತು ಮನೆ ಒಟ್ಟುಗೂಡಿ ಮಾರಲಿ. ಆಳುಗಳ ಕೂಲಿಯನ್ನು ದುಡಿದ ವಾರವೇ ಕೊಡಲಿ. ವಿಷ ಸಿಂಪಡಿಸುವ ಮುನ್ನ ಕೆಳಗಿನ ಮನೆಯ ಬಾವಿಯನ್ನು ನೆನೆಯಲಿ.

ವ್ಯಾಪಾರಿ ಬಂಧುಗಳ ಹೊಣೆ ಇನ್ನೂ ದೊಡ್ಡದು. ಬೆಳೆಯುವವನಿಗೂ ತಿನ್ನುವವನಿಗೂ ನಡುವಿನ ಸೇತುವೆ ಅವರೇ. ಅಂದಿನ ಖರೀದಿ ಬೆಲೆಯನ್ನು ಅಂಗಡಿಯ ಹಲಗೆಯ ಮೇಲೆ ಬರೆಯುವುದು, ತೂಕದಲ್ಲಿ ಇಲ್ಲಸಲ್ಲದ ಕಡಿತ ಮಾಡದಿರುವುದು, ಸಾಲದಲ್ಲಿರುವವನಿಗೂ ಸಾಲವಿಲ್ಲದವನಿಗೂ ಒಂದೇ ಬೆಲೆ ಹೇಳುವುದು, ಮಾಲು ಎಲ್ಲಿಯದೆಂದು ಗಿರಾಕಿಗೆ ತಿಳಿಸುವುದು. ಇಷ್ಟಕ್ಕೆ ಯಾವ ಪರದೇಶದ ಮುದ್ರೆಯೂ ಬೇಕಾಗಿಲ್ಲ. ಸರಿಯಾದ ತಕ್ಕಡಿಯೇ ಮುದ್ರೆ.

ಮನೆ ನಡೆಸುವ ತಾಯಂದಿರ ಕೈಯಲ್ಲಿಯೂ ಬಹಳಷ್ಟಿದೆ. ಎಲ್ಲವನ್ನೂ ಒಂದೇ ದಿನ ಬದಲಿಸಬೇಕೆಂದಿಲ್ಲ. ತಿಂಗಳ ಸಾಮಾನಿನ ಚೀಟಿಯಲ್ಲಿ ಒಂದು ವಸ್ತುವನ್ನಾದರೂ ಬೆಳೆದವರ, ನೇಯ್ದವರ ಕೈಯಿಂದ ನೇರವಾಗಿಯೋ ಅವರದೇ ಸಂಘದಿಂದಲೋ ಕೊಳ್ಳಬಹುದು. ಬೆಲೆ ಎರಡು ರೂಪಾಯಿ ಹೆಚ್ಚಾದರೆ ಕೊಳ್ಳುವ ಪ್ರಮಾಣವನ್ನು ಸ್ವಲ್ಪ ಕಡಿಮೆ ಮಾಡಬಹುದು. ಲಕ್ಕಮ್ಮನವರ ಮನೆಯಲ್ಲಿ ಅಕ್ಕಿ ಹೆಚ್ಚಿರಲಿಲ್ಲ. ದಾಸೋಹಕ್ಕೆ ಕೊರತೆಯೂ ಇರಲಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿಯೊಡನೆ ಒಂದು ರೂಪಾಯಿಗೆ ಚೌಕಾಶಿ ಮಾಡಿ, ದೊಡ್ಡ ಅಂಗಡಿಯಲ್ಲಿ ಬರೆದ ಬೆಲೆಯನ್ನು ಮಾತಿಲ್ಲದೆ ಕೊಟ್ಟು ಬರುವ ಅಭ್ಯಾಸವನ್ನಂತೂ ಇಂದೇ ಬಿಡಬಹುದು.

ಹನಿಹನಿ ಕೂಡಿದರೆ ಹಳ್ಳ. ಒಬ್ಬರ ಎರಡು ರೂಪಾಯಿಯಿಂದ ಯಾರ ಬಡತನವೂ ನೀಗದು. ಆದರೆ ಕೇಳುವ ಗಿರಾಕಿಗಳು ಹೆಚ್ಚಾದಂತೆ ಮಾರುವವರು ಉತ್ತರವನ್ನು ಸಿದ್ಧಮಾಡಿಕೊಳ್ಳಲೇಬೇಕು. ಇಂಥ ಪ್ರಶ್ನೆ ಕೇಳುವವರು 1980ರಲ್ಲಿಯೇ ಸಾಕಷ್ಟಿದ್ದಿದ್ದರೆ, ಕಾರಡ್ಕದ ಗುಡ್ಡೆಗಳ ಕೆಳಗಿನ ಮನೆಗಳು 2000ದವರೆಗೆ ಕಾಯಬೇಕಾಗುತ್ತಿರಲಿಲ್ಲವೋ ಏನೋ.

ಗೋಷ್ಠಿಯಲ್ಲಿ ಚರ್ಚಿಸಲು

1. ಈ ವಾರ ನಮ್ಮ ಮನೆಗೆ ತಂದ ವಸ್ತುಗಳಲ್ಲಿ ಬೆಳೆದವರು ಅಥವಾ ಮಾಡಿದವರು ಯಾರೆಂದು ನಮಗೆ ಗೊತ್ತಿರುವುದು ಎಷ್ಟು?

2. ಆಯ್ದಕ್ಕಿ ಲಕ್ಕಮ್ಮನವರು ಇಂದು ನಮ್ಮ ಸಂತೆಚೀಲ ನೋಡಿದರೆ ಯಾವುದನ್ನು ಹಿಂದಿರುಗಿಸಿ ಬರಲು ಹೇಳಬಹುದು?

3. ನಾವು ಬೆಳೆದದ್ದಕ್ಕೆ ನಾವು ಕೇಳುವ ನ್ಯಾಯ, ನಮ್ಮಲ್ಲಿ ದುಡಿಯುವವರಿಗೆ ನಾವು ಕೊಡುವ ಕೂಲಿ, ಇವೆರಡೂ ಒಂದೇ ಅಳತೆಯವೇ?

4. ನಮ್ಮ ಊರಿನಲ್ಲಿ ಹತ್ತು ಮನೆ ಕೂಡಿ ಮಾರಬಹುದಾದ ಬೆಳೆ ಯಾವುದು? ಅದಕ್ಕೆ ಅಡ್ಡಿಯಾಗಿರುವುದು ಏನು?

ಈ ಪ್ರಶ್ನೆಗಳನ್ನು ಮುಂದಿನ ಗೋಷ್ಠಿಗೆ ಬರುವ ಮುನ್ನ ಮನೆಮಂದಿಯೆಲ್ಲ ಕೂತು ಮಾತಾಡಿರಿ. ಮಕ್ಕಳನ್ನೂ ಸೇರಿಸಿಕೊಳ್ಳಿರಿ, ಅಂಗಡಿಗೆ ಓಡಿಹೋಗಿ ಸಾಮಾನು ತರುವವರು ಅವರೇ ತಾನೆ?